ಕಂಪನಿ ಟೇಪಿನೊಳಗಿನ ಗಂಟು

ಲಾರಿಯ ಲೈಟು ಮಿಣುಕಿದರೆ ಬೈಗುಳ ತಿನ್ನುವವನು ಊರಿನ ಎಲೆಕ್ಟ್ರಿಷಿಯನ್. ‘ಕಂಪನಿ ವೈರಿಂಗ್’ ಅಂದರೆ ಮಾತ್ರ ದೇವರ ಗುಡಿಯ ಗರ್ಭಗುಡಿ ಇದ್ದಹಾಗೆ, ಯಾರೂ ಕೈ ಹಚ್ಚುವುದಿಲ್ಲ. ಆಯುಧಪೂಜೆಯ ಹಿಂದಿನ ರಾತ್ರಿ ಹೊಸಪೇಟೆಯ ಗ್ಯಾರೇಜೊಂದರಲ್ಲಿ ಆ ಗರ್ಭಗುಡಿಯ ಬಾಗಿಲು ತೆಗೆಯಬೇಕಾಗಿ ಬಂತು!

“ಬ್ರೇಕ್ ಒತ್ರಿ!” ಲಾರಿಯ ಹಿಂದಿನಿಂದ ಮೇಸ್ತ್ರಿ ಕೂಗಿದರು.

ಕ್ಯಾಬಿನ್ನಿನಲ್ಲಿದ್ದ ನಮ್ಮ ಚಿಕ್ಕಪ್ಪ ಒತ್ತಿದರು. ಎಡಗಡೆಯ ಕೆಂಪು ದೀಪ ಝಗ್ಗನೆ ಹತ್ತಿತು. ಬಲಗಡೆಯದು ಬುಡ್ಡಿದೀಪದಷ್ಟು ಮಿಣುಕಿತು, ಜೊತೆಗೆ ಪಕ್ಕದ ಇಂಡಿಕೇಟರೂ ಮಂಕಾಗಿ ಹತ್ತಿಕೊಂಡಿತು. ಇಂಡಿಕೇಟರ್ ಸ್ವಿಚ್ಚನ್ನು ಯಾರೂ ಮುಟ್ಟಿರಲೇ ಇಲ್ಲ.

“ಈಗ ಹೆಡ್‌ಲೈಟ್ ಹಾಕ್ರಿ.”

ಎದುರಿನ ಗೋಡೆಯ ಮೇಲೆ ಬಿದ್ದ ಬೆಳಕು ಅರಿಶಿನ ಕದಡಿದ ನೀರಿನ ಬಣ್ಣದ್ದು. ಬ್ಯಾಟರಿಗಳೆರಡೂ ಹೊಸವು. ಬಲ್ಬುಗಳಿಗೆ ತಿಂಗಳೂ ಆಗಿರಲಿಲ್ಲ.

ಬಳ್ಳಾರಿ ರಸ್ತೆಯ ಆ ಗ್ಯಾರೇಜಿನ ಅಂಗಳದಲ್ಲಿ ಆರು ಲಾರಿಗಳು ಮೈತೊಳೆದುಕೊಂಡು ನಿಂತಿದ್ದವು. ಮೂಲೆಯಲ್ಲಿ ಬಾಳೆಕಂದು, ಚೆಂಡುಹೂವಿನ ಮೂಟೆ, ಬೂದುಗುಂಬಳದ ರಾಶಿ. ಮಾರನೆಯ ದಿನ ಮಹಾನವಮಿ. ಅಲ್ಲಿಂದ ಹದಿಮೂರು ಕಿಲೋಮೀಟರ್ ಆಚೆ ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಆನೆ ಕುದುರೆಗಳ ಸಾಲು ಇದೆ. ಈ ಊರಿನಲ್ಲಿ ಈಗ ಆ ಮೆರವಣಿಗೆಯ ಪಾಳಿ ಲಾರಿಗಳದ್ದು.

ಚಿಕ್ಕಪ್ಪನ ಬೇಡಿಕೆ ಸಣ್ಣದು. ಬೆಳಿಗ್ಗೆ ಪೂಜೆಯ ಹೊತ್ತಿಗೆ ಕ್ಯಾಬಿನ್ನಿನ ನೆತ್ತಿಯ ಮೇಲೆ ಒಂದು ಸೀರಿಯಲ್ ಸೆಟ್ ಮಿನುಗಬೇಕು, ಅಷ್ಟೆ. ಅದಕ್ಕೊಂದು ವೈರ್ ಎಳೆಯಲು ಹತ್ತಿದ ಮೇಸ್ತ್ರಿ ಕೆಳಗಿಳಿದು ಬಂದು, “ಸಾವ್ಕಾರ್ರ, ಇದ್ದ ಲೈಟಾ ನೆಟ್ಟಗ ಹತ್ತವಲ್ಲವು, ಹೊಸಾವು ಎಲ್ಲಿಂದ ಹಚ್ಚಲಿ?” ಎಂದರು. ಸೀರಿಯಲ್ ಸೆಟ್ ಅಲ್ಲೇ ಬದಿಗೆ ಬಿತ್ತು.

ಕೆಂಪು ಧೂಳಿನ ಕೂಸು

ಈ ಲಾರಿ ಅದಿರಿನ ಕಾಲದ್ದು. ಚೀನಾ ಕಬ್ಬಿಣ ಕಬ್ಬಿಣ ಎಂದು ಬಾಯಿ ತೆರೆದು ಕೂತಿದ್ದ ಆ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ಸುತ್ತಮುತ್ತ ಹೊಲ ಮಾರಿ ಲಾರಿ ಕೊಂಡವರಿಗೆ ಲೆಕ್ಕವಿಲ್ಲ. ನಮ್ಮ ಚಿಕ್ಕಪ್ಪ ಹೊಲ ಮಾರಲಿಲ್ಲ, ಅಡವಿಟ್ಟರು. ಸಂಡೂರಿನ ಗುಡ್ಡದಿಂದ ಬೇಲೆಕೇರಿಯ ಬಂದರಿಗೆ ಘಟ್ಟ ಇಳಿಯುವ ಲಾರಿಗಳ ಸಾಲಿನಲ್ಲಿ ಇದೂ ಒಂದಾಯಿತು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳು ನಿಂತಲ್ಲೇ ನಿಂತವು. ಟೈರು ಬಿರಿದವು, ಸೀಟಿನೊಳಗೆ ಇಲಿ ಮರಿ ಹಾಕಿದವು. ಕಂತು ಮಾತ್ರ ನಿಲ್ಲಲಿಲ್ಲ.

ಆಮೇಲೆ ಗಂಗಾವತಿಯ ಅಕ್ಕಿ ಈ ಲಾರಿಯನ್ನು ಉಳಿಸಿತು. ಈಗಲೂ ಅದೇ ಬಾಡಿಗೆ. ಎಂಜಿನ್ ಗಟ್ಟಿ, ಗೇರ್ ಬಾಕ್ಸ್ ಗಟ್ಟಿ. ಲೈಟಿನದೊಂದು ಮಾತ್ರ ಹುಟ್ಟುಕಾಯಿಲೆ. ಹುಟ್ಟುಕಾಯಿಲೆ ಎಂಬ ಮಾತು ಎಷ್ಟು ನಿಜ ಅಂತ ಆ ರಾತ್ರಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಇಪ್ಪತ್ತು ವರ್ಷದಲ್ಲಿ ಚಿಕ್ಕಪ್ಪ ಬದಲಿಸಿದ್ದು ಎರಡು ಹೆಡ್‌ಲೈಟ್ ಸ್ವಿಚ್ಚು, ಒಂದು ಡೈನಮೋ, ಒಂದು ಫ್ಯೂಸ್ ಬಾಕ್ಸು, ಲೆಕ್ಕಕ್ಕೆ ಸಿಗದಷ್ಟು ಬಲ್ಬು, ಜೊತೆಗೆ ಐದು ಜನ ಎಲೆಕ್ಟ್ರಿಷಿಯನ್. ಒಬ್ಬೊಬ್ಬರೂ ಹಿಂದಿನವನನ್ನು ಬೈದು ಕೆಲಸ ಶುರು ಮಾಡಿದವರೇ. ಕ್ಯಾಬಿನ್ ಕಟ್ಟಿದ ಬಾಡಿ ಬಿಲ್ಡರನಿಗೂ ಪಾಲು ಸಿಕ್ಕಿತ್ತು. ಕಂಪನಿಯ ಹೆಸರನ್ನು ಯಾರೂ ಎತ್ತಿರಲಿಲ್ಲ. ‘ಕಂಪನಿ ಫಿಟ್ಟಿಂಗ್’ ಎಂಬುದು ನಮ್ಮ ಕಡೆ ವಿಶೇಷಣವಲ್ಲ, ಪ್ರಮಾಣಪತ್ರ. ಹಳೆಯ ಗಾಡಿ ಮಾರುವವನು “ಇನ್ನೂ ಕಂಪನಿ ವೈರಿಂಗೇ ಇದೆ ನೋಡಿ” ಎಂದರೆ ರೇಟು ಏರುತ್ತದೆ.

ಮೀಟರ್ ಹೇಳಿದ ಸುಳ್ಳು

ನನ್ನ ಬಳಿ ಒಂದು ಮಲ್ಟಿಮೀಟರ್ ಇತ್ತು. ಓದಿದವನೆಂಬ ಜಂಬವೂ ಇತ್ತು. ಎರಡೂ ಹೆಡ್‌ಲೈಟಿನ ಪ್ಲಗ್ ಕಿತ್ತು, ಮೀಟರಿನ ಕಡ್ಡಿಗಳನ್ನು ಒಂದರೊಳಗೆ ತುರುಕಿದೆ. 24.6 ವೋಲ್ಟ್. “ಕರೆಂಟು ಪೂರ್ತಿ ಬರ್ತಿದೆ ಮೇಸ್ತ್ರಿ, ಹೆಡ್‌ಲೈಟೇ ಸರಿ ಇಲ್ಲ” ಎಂದು ತೀರ್ಪು ಕೊಟ್ಟೆ.

ಮೇಸ್ತ್ರಿ ಉತ್ತರ ಕೊಡಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ತಮ್ಮ ಟೆಸ್ಟ್ ಲ್ಯಾಂಪ್ ತಂದರು. ಅದು ಮತ್ತೇನಲ್ಲ, ಹಳೆಯ ಲಾರಿ ಬಲ್ಬೊಂದರ ಬುಡಕ್ಕೆ ಎರಡು ವೈರ್ ಬೆಸೆದದ್ದು. ಅದೇ ಪ್ಲಗ್ಗಿಗೆ ಮುಟ್ಟಿಸಿದರು. ಬಲ್ಬು ಹತ್ತಿತು, ಆದರೆ ಸೊರಗಿದ ಹಳದಿಯಲ್ಲಿ.

“ನಿಮ್ಮ ಮೀಟರ್ ಬರೇ ಕೇಳ್ತೈತಿ ತಮ್ಮಾ. ನನ್ನ ಬಲ್ಬ್ ದುಡಿಸಿ ನೋಡ್ತೈತಿ.”

ಮೂವತ್ತು ವರ್ಷದ ಅನುಭವ ಎರಡು ವಾಕ್ಯದಲ್ಲಿ ಮುಗಿಯಿತು. ಭೌತಶಾಸ್ತ್ರದ ಪಾಠ ಮಾಡಿದ್ದರೆ ಅರ್ಧ ಗಂಟೆ ಹಿಡಿಯುತ್ತಿತ್ತು. ಮಲ್ಟಿಮೀಟರ್ ತನ್ನ ಮೂಲಕ ಹರಿಯಲು ಬಿಡುವ ಕರೆಂಟು ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ. ಹರಿವೇ ಇಲ್ಲದಾಗ ಅಡ್ಡಿಯೂ ಕಾಣುವುದಿಲ್ಲ. ನಲ್ಲಿ ತಿರುಗಿಸದೆ ಪೈಪು ಕಟ್ಟಿದೆಯೋ ಇಲ್ಲವೋ ಎಂದು ಹೇಳುವುದು ಹೇಗೆ? ತಾಮ್ರದ ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ 24 ತೋರಿಸುತ್ತದೆ. ಬಲ್ಬು ಕರೆಂಟು ಎಳೆಯತೊಡಗಿದಾಗಲೇ ಗುಟ್ಟು ರಟ್ಟು.

ಈಗ ಎರಡೂ ಹೆಡ್‌ಲೈಟ್ ಉರಿಯುತ್ತಿರುವಾಗಲೇ ಪ್ಲಗ್ಗಿನ ಹಿಂದಿನಿಂದ ಅಳೆದೆ. 19.8. ದಾರಿಯಲ್ಲಿ ಎಲ್ಲೋ ಸುಮಾರು ಐದು ವೋಲ್ಟ್ ಕಳುವಾಗುತ್ತಿತ್ತು.

■ ಲೆಕ್ಕದಲ್ಲಿ ಒಂದು ಗಂಟು
ಕಾರಿನಲ್ಲಿ 12 ವೋಲ್ಟ್, ದೊಡ್ಡ ಲಾರಿಯಲ್ಲಿ 24. ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ.
70 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬು ಸೇರಿ ಎಳೆಯುವುದು 6 ಆಂಪಿಯರಿನಷ್ಟು.
ದಾರಿಯಲ್ಲಿ ಬರೀ 1 ಓಮ್ ಅಡ್ಡಿ ಇದ್ದರೆ ಅದು 5 ಆಂಪಿಯರಿನ ಆಸುಪಾಸಿಗೆ ಇಳಿಯುತ್ತದೆ. ಸುಮಾರು 5 ವೋಲ್ಟ್ ಅಲ್ಲೇ ಸೋರುತ್ತದೆ. ಐದೈದಲೆ ಇಪ್ಪತ್ತೈದು: ಆ ಒಂದು ಗಂಟಿನಲ್ಲಿ 25 ವ್ಯಾಟಿನಷ್ಟು ಶಾಖ. ರೇಡಿಯೊ ರಿಪೇರಿಯವರ ಮಾಮೂಲಿ ಸೋಲ್ಡರಿಂಗ್ ಐರನ್ನಿನ ತಾಕತ್ತೂ ಅಷ್ಟೇ.
ವೋಲ್ಟೇಜು ಐದರಲ್ಲಿ ಒಂದು ಪಾಲು ಇಳಿದರೆ ಫಿಲಮೆಂಟ್ ಬಲ್ಬಿನ ಬೆಳಕು ಅರ್ಧಕ್ಕೆ ಬೀಳುತ್ತದೆ.
ಫ್ಯೂಸ್ ಹೋಗುವುದಿಲ್ಲ. ಫ್ಯೂಸ್ ಕಾಯುವುದು ಹೆಚ್ಚಿನ ಕರೆಂಟನ್ನು. ಕೆಟ್ಟ ಗಂಟು ಕರೆಂಟನ್ನು ಕಮ್ಮಿ ಮಾಡುತ್ತದೆ.

ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. “ಫ್ಯೂಸ್ ಇದೆಯಲ್ಲ, ಏನೂ ಆಗಲ್ಲ” ಎನ್ನುವವರು ಎರಡು ಸಲ ಓದಿ.

ಬಣ್ಣದ ಮೇಲೆ ಬೋಲ್ಟು

ಮೇಸ್ತ್ರಿ ಮೊದಲು ಹಿಡಿದದ್ದು ಹಿಂದಿನ ದೀಪವನ್ನು. ಅದು ಸುಲಭದ್ದು ಎಂದರು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಹತ್ತಿದರೆ ಅರ್ಥಿಂಗ್ ಹೋಗಿದೆ ಎಂದೇ ಲೆಕ್ಕವಂತೆ. ಲಾರಿಯಲ್ಲಿ ಪ್ರತಿ ಬಲ್ಬಿಗೂ ಹೋಗುವ ವೈರ್ ಇರುತ್ತದೆ. ಬ್ಯಾಟರಿಗೆ ವಾಪಸು ಬರುವ ದಾರಿ ಚಾಸಿಸ್ಸಿನ ಕಬ್ಬಿಣ. ಆ ದಾರಿ ಕಟ್ಟಿದರೆ ಬ್ರೇಕ್ ಬಲ್ಬಿನ ಕರೆಂಟು ಸುಮ್ಮನೆ ಕೂರುವುದಿಲ್ಲ, ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಅದರ ವೈರ್ ಹಿಡಿದು ಮುಂದಿನ ಇಂಡಿಕೇಟರಿನ ಮೂಲಕ ಮನೆ ಸೇರುತ್ತದೆ. ಬಾಗಿಲು ಹಾಕಿದ್ದರೆ ಪಕ್ಕದ ಮನೆಯ ಮಾಳಿಗೆ ಹತ್ತಿ ಇಳಿಯುವ ಹುಡುಗರ ಹಾಗೆ.

ಗ್ಯಾರೇಜಿನ ಹುಡುಗ 13ರ ಪಾನಾ ತಂದ. ಚಾಸಿಸ್ಸಿನ ಬಲಬದಿಯ ಒಳಗೋಡೆಯಲ್ಲಿ, ಇಪ್ಪತ್ತು ವರ್ಷದ ಮಣ್ಣು ಕೆರೆದ ಮೇಲೆ, ಅರ್ಥಿನ ಬೋಲ್ಟು ಕಂಡಿತು. ಬಿಚ್ಚಿ ವೈರಿನ ತುದಿಯ ಥಿಂಬಲ್ ಸರಿಸಿದರು. ಟಾರ್ಚ್ ಹಾಕಿದೆವು.

ಅಡಿಯಲ್ಲಿ ಹೊಳೆಯುವ ಕಬ್ಬಿಣ ಇರಬೇಕಿತ್ತು. ಇದ್ದದ್ದು ಬಣ್ಣ. ನಯವಾದ, ಒಂದು ಗೀರೂ ಬೀಳದ, ಕಾರ್ಖಾನೆಯಲ್ಲಿ ಹೊಡೆದ ಚಾಸಿಸ್ ಬಣ್ಣ. ಬಣ್ಣ ಹೊಡೆದಾದ ಮೇಲೆ ಅದನ್ನು ಕೆರೆಯದೆ ಅದರ ಮೇಲೇ ಥಿಂಬಲ್ ಇಟ್ಟು ಬೋಲ್ಟು ಬಿಗಿದಿದ್ದರು. ಇಷ್ಟು ವರ್ಷ ಆ ದೀಪ ಉರಿದದ್ದು ಬೋಲ್ಟಿನ ತಿರುಪಿನ ಸುತ್ತುಗಳು ಕಬ್ಬಿಣಕ್ಕೆ ತಾಗುತ್ತಿದ್ದ ಪುಣ್ಯದಿಂದ. ಮಳೆಗಾಲದಲ್ಲಿ ಅವೂ ತುಕ್ಕು ಹಿಡಿದು ಕೈಬಿಡುತ್ತಿದ್ದವು, ಬೇಸಗೆಯಲ್ಲಿ ಗಾಡಿಯ ಕುಲುಕಾಟಕ್ಕೆ ಮತ್ತೆ ತಾಗುತ್ತಿದ್ದವು. ಮಳೆ ಬಂದರೆ ಲೈಟು ಹೋಗುತ್ತದೆ ಎಂದು ಚಿಕ್ಕಪ್ಪ ಹೇಳುತ್ತಿದ್ದದ್ದು ನೆನಪಾಯಿತು. ನಾವೆಲ್ಲ ನಗುತ್ತಿದ್ದೆವು.

ಮೇಸ್ತ್ರಿ ಕಾನಸಿನಿಂದ ರೂಪಾಯಿ ಅಗಲ ಕೆರೆದರು. ಎಮರಿ ಪೇಪರ್ ತಿಕ್ಕಿದರು. ಬೆಳ್ಳಿಯಂಥ ಕಬ್ಬಿಣ ಮೇಲೆದ್ದಿತು. ಬೋಲ್ಟು ಬಿಗಿದು ಮೇಲೊಂದಿಷ್ಟು ಗ್ರೀಸು. ಬ್ರೇಕ್ ಒತ್ತಿದಾಗ ಬಲಗಡೆಯ ದೀಪ ಎಡಗಡೆಯದಕ್ಕಿಂತ ಜೋರಾಗಿ ಹತ್ತಿತು. ಖರ್ಚು ಸೊನ್ನೆ.

ಬೆರಳು ಕಂಡುಹಿಡಿದದ್ದು

ಹೆಡ್‌ಲೈಟಿನದು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಫ್ಯೂಸ್ ಬಾಕ್ಸಿನ ಬಾಯಲ್ಲಿ ಟೆಸ್ಟ್ ಲ್ಯಾಂಪ್ ಧಗಧಗ ಉರಿಯಿತು. ಅಂದರೆ ಫ್ಯೂಸ್ ಬಾಕ್ಸಿಗೂ ಹೆಡ್‌ಲೈಟಿಗೂ ನಡುವೆ ಕಳ್ಳ. ಆ ನಡುವೆ ಇರುವುದು ಮುಂಗೈ ದಪ್ಪದ ಒಂದು ವೈರಿನ ಕಟ್ಟು, ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊರಟು ತಗಡಿನ ತೂತು ದಾಟಿ ಮುಂದಕ್ಕೆ ಹೋಗುವಂಥದ್ದು. ಉದ್ದಕ್ಕೂ ಕಪ್ಪು ಟೇಪು.

ಐದು ಎಲೆಕ್ಟ್ರಿಷಿಯನ್ನರು ಆ ಟೇಪಿನ ಎರಡು ತುದಿ ಮುಟ್ಟಿದ್ದರು. ನಡುವೆ ಯಾರೂ ಹೋಗಿರಲಿಲ್ಲ.

ಮೇಸ್ತ್ರಿ ಹೆಡ್‌ಲೈಟನ್ನು ಹತ್ತು ನಿಮಿಷ ಉರಿಯಬಿಟ್ಟರು. ಚಹಾ ಕುಡಿದರು. ಆಮೇಲೆ ಮೊಣಕೈವರೆಗೆ ತೋಳು ಮಡಚಿ, ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ, ವೈರಿನ ಕಟ್ಟನ್ನು ಬೆರಳಿನಲ್ಲಿ ಗೇಣು ಗೇಣಾಗಿ ಸವರುತ್ತ ಹೋದರು. ನಾಡಿ ಹಿಡಿದ ಪಂಡಿತರ ಮುಖ. ತಗಡಿನ ತೂತಿಗೆ ಒಂದು ಗೇಣು ಹಿಂದೆ ಕೈ ನಿಂತಿತು.

“ಇಲ್ಲಿ ಸುಡಾಕತ್ತೈತಿ.”

ನಾನೂ ಮುಟ್ಟಿದೆ. ಬೇರೆಲ್ಲ ಕಡೆ ತಣ್ಣಗಿದ್ದ ಟೇಪು ಅಲ್ಲಿ ಕಾದ ಕಾವಲಿಯ ಅಂಚಿನಂತಿತ್ತು. ಅಂಟು ಕರಗಿ ಹೊಳೆಯುತ್ತಿತ್ತು. ಮೇಸ್ತ್ರಿ ಬ್ಯಾಟರಿ ಬಿಚ್ಚಿಸಿ ಬ್ಲೇಡು ಕೇಳಿದರು.

ಟೇಪು ಸುರುಳಿ ಸುರುಳಿಯಾಗಿ ಕಳಚಿತು. ಮೊದಲ ಪದರದಡಿ ಕೆಂಪು ಧೂಳು, ಅದಿರಿನ ಕಾಲದ್ದು, ಕುಂಕುಮದಷ್ಟು ನುಣುಪು. ಎರಡನೆಯ ಪದರದಡಿ ಒಂದು ಗಂಟು. ಮೂರು ವೈರುಗಳ ತುದಿ ಸುಲಿದು, ಮಲ್ಲಿಗೆ ದಂಡೆಯ ದಾರ ಹೊಸೆದ ಹಾಗೆ ಕೈಯಲ್ಲಿ ಹೊಸೆದು ಬಿಟ್ಟಿದ್ದರು. ಬೆಸುಗೆ ಇಲ್ಲ, ಒತ್ತಿ ಕೂರಿಸಿದ ಲೋಹದ ತೋಳಿಲ್ಲ, ಮೇಲೆ ಕೊಳವೆಯಿಲ್ಲ. ಬರೀ ಟೇಪು. ತಾಮ್ರ ಕೆಲವೆಡೆ ಇದ್ದಿಲು ಕಪ್ಪು, ಕೆಲವೆಡೆ ಪಾಚಿ ಹಸಿರು. ಪಕ್ಕದ ಎರಡು ವೈರುಗಳ ಮೇಲಿನ ಪ್ಲಾಸ್ಟಿಕ್ಕು ಬೆಂದು ಒಂದಕ್ಕೊಂದು ಅಂಟಿಕೊಂಡಿತ್ತು.

ಇನ್ನೂ ಒಂದು ವಿಚಿತ್ರ. ಗಂಟಿನೊಳಗೆ ಹೋದ ವೈರು ನೀಲಿ. ಆಚೆ ಬಂದದ್ದು ಹಳದಿ. ನೀಲಿ ಸುರುಳಿ ಮುಗಿದಿತ್ತೋ ಏನೋ, ಕೈಗೆ ಸಿಕ್ಕ ಬಣ್ಣ ಜೋಡಿಸಿ ಮೇಲೆ ಟೇಪು ಸುತ್ತಿದ್ದರು.

ತಗಡಿನ ತೂತಿಗೆ ರಬ್ಬರ್ ಬುಷ್ ಹಾಕುವುದು ಪದ್ಧತಿ, ಇಲ್ಲವಾದರೆ ತಗಡಿನ ಅಂಚು ಗಾಡಿ ಕುಲುಕಿದಾಗಲೆಲ್ಲ ವೈರನ್ನು ಗರಗಸದಂತೆ ತೇಯುತ್ತದೆ. ಅಲ್ಲಿ ಬುಷ್ ಇರಲಿಲ್ಲ. ಇತ್ತು, ಕಳೆದುಹೋಯಿತು ಎನ್ನುವ ಹಾಗೂ ಇಲ್ಲ. ಬುಷ್ ಹಾಕಿದ್ದರೆ ಅದರ ಹಿಂದೆ ಬಣ್ಣ ಕೂರುವುದಿಲ್ಲ, ಇಲ್ಲಿ ವೈರಿನ ಟೇಪಿನ ಮೇಲೂ ತೂತಿನ ಅಂಚಿನ ಮೇಲೂ ಒಂದೇ ಪಟ್ಟಿಯಾಗಿ ಬಣ್ಣದ ತುಂತುರು ಕೂತಿತ್ತು.

ಇದೇ ಸಾಕ್ಷಿಯಾಯಿತು. ಚಿಕ್ಕಪ್ಪ ಮೊದಲು ನಂಬಲಿಲ್ಲ, “ಯಾವನೋ ನಡುವ ಬಿಚ್ಚಿ ಕಟ್ಟ್ಯಾನ” ಎಂದರು. ಮೇಸ್ತ್ರಿ ಒಂದೊಂದಾಗಿ ತೋರಿಸಿದರು. ಟೇಪಿನ ಮೇಲೆ ಕಾರ್ಖಾನೆಯ ಬಣ್ಣ. ಗಂಟಿನಿಂದ ಒಂದು ಗೇಣು ಮುಂದೆ ಕಾರ್ಖಾನೆಯ ಬಿಳಿ ಚೀಟಿ, ಅದೇ ಟೇಪಿನ ಸುತ್ತಿನೊಳಗೆ ಅರ್ಧ ಸಿಕ್ಕಿಕೊಂಡದ್ದು. ಎಲ್ಲೂ ಬ್ಲೇಡಿನ ಗೀರಿಲ್ಲ.

“ಅಂದ್ರ ಕಂಪನಿಯವರಾ ಹಿಂಗ ಮಾಡ್ಯಾರನು?”

“ಕಂಪನಿ ಅಂದ್ರ ಯಾರ್ರೀ? ಅಲ್ಲೂ ಒಬ್ಬಾಂವ ನನ್ನಂಥಾಂವನಾ. ಊಟದ ಗಂಟಿ ಹೊಡಿಯೂ ಹೊತ್ತಿನಾಗ ಕಟ್ಯಾನು.”

ಕೈಗಳೇ ಹೊಸೆಯುವ ಯಂತ್ರ

ಮೇಸ್ತ್ರಿ ತಮಾಷೆಗೆ ಹೇಳಿದ್ದು ನಿಜಕ್ಕೆ ಬಹಳ ಹತ್ತಿರ. ಕಾರ್ಖಾನೆಯೆಂದರೆ ನಮ್ಮ ಕಣ್ಣಮುಂದೆ ಬರುವುದು ರೋಬೋ ತೋಳುಗಳು. ತಗಡು ಬೆಸೆಯಲು, ಬಣ್ಣ ಹೊಡೆಯಲು ಅವು ಬಂದು ದಶಕಗಳೇ ಕಳೆದವು. ವೈರಿಂಗ್ ಕಟ್ಟು ಮಾತ್ರ ಇವತ್ತಿಗೂ ಹೆಚ್ಚುಕಮ್ಮಿ ಕೈಕೆಲಸ. ವೈರು ಮೆತ್ತಗಿನ ವಸ್ತು, ಹಿಡಿದಲ್ಲಿ ಬಗ್ಗುತ್ತದೆ, ಬಿಟ್ಟಲ್ಲಿ ಸುತ್ತಿಕೊಳ್ಳುತ್ತದೆ. ಯಂತ್ರಕ್ಕೆ ಅದು ತಲೆನೋವು. ಹಾಗಾಗಿ ಉದ್ದನೆಯ ಹಲಗೆ, ಹಲಗೆಯ ಮೇಲೆ ಗೂಟಗಳು, ಗೂಟಗಳ ನಡುವೆ ಒಂದೊಂದೇ ವೈರು ಹಾಯಿಸಿ ಟೇಪು ಸುತ್ತುವ ಕಾರ್ಮಿಕರು. ಬಹಳ ಕಡೆ ಹೆಂಗಸರೇ ಹೆಚ್ಚು.

2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ನುಗ್ಗಿದಾಗ ಇದು ಜಗತ್ತಿಗೇ ಗೊತ್ತಾಯಿತು. ಜರ್ಮನಿಯ ದೊಡ್ಡ ದೊಡ್ಡ ಕಾರು ಕಾರ್ಖಾನೆಗಳು ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸಬೇಕಾಯಿತು. ಕೊರತೆ ಎಂಜಿನ್ನಿನದಲ್ಲ, ಉಕ್ಕಿನದಲ್ಲ. ಪಶ್ಚಿಮ ಉಕ್ರೇನಿನ ಕಾರ್ಮಿಕರು ಹೊಸೆದು ಕಳಿಸುತ್ತಿದ್ದ ವೈರಿಂಗ್ ಕಟ್ಟುಗಳದು. ಕಾರು ಕಟ್ಟುವಾಗ ಒಳಗೆ ಮೊದಮೊದಲೇ ಹಾಸಬೇಕಾದದ್ದು ಅದು. ಅದಿಲ್ಲದೆ ಮುಂದಿನ ಕೆಲಸ ಸಾಗುವುದಿಲ್ಲ.

ಕೈಕೆಲಸ ಎಂದ ಮಾತ್ರಕ್ಕೆ ಕಳಪೆಯಲ್ಲ. ಕೈಗೆ ಸರಿಯಾದ ಉಪಕರಣ ಕೊಡಬೇಕು, ಕೊಟ್ಟ ಮೇಲೆ ನೋಡುವವರು ಇರಬೇಕು. ವೈರುಗಳನ್ನು ಕೂಡಿಸುವ ಒಳ್ಳೆಯ ಪದ್ಧತಿ ಲೋಹದ ತೋಳಿನೊಳಗೆ ಎಳೆಗಳನ್ನಿಟ್ಟು ಭಾರಿ ಒತ್ತಡದಲ್ಲಿ ಅಮುಕುವುದು. ಎಳೆಗಳು ನಡುವೆ ಗಾಳಿಯೂ ಸುಳಿಯದಂತೆ ಬೆಸೆದುಕೊಳ್ಳುತ್ತವೆ. ಗಾಳಿ ಹೋಗದಲ್ಲಿ ತೇವ ಹೋಗುವುದಿಲ್ಲ, ತೇವವಿಲ್ಲದಲ್ಲಿ ಪಾಚಿ ಹಸಿರಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಸೋಲ್ಡರ್ ಅಂದರೆ ಗಟ್ಟಿ ಕೆಲಸ ಎಂಬ ನಂಬಿಕೆ. ಮನೆಯ ರೇಡಿಯೊಗೆ ಅದು ಸರಿ. ಕುಲುಕುವ ಗಾಡಿಯಲ್ಲಿ ಬೆಸುಗೆ ಎಳೆಗಳೊಳಗೆ ಇಳಿದು ವೈರನ್ನು ಕಡ್ಡಿ ಮಾಡುತ್ತದೆ, ಬೆಸುಗೆ ಮುಗಿಯುವ ಜಾಗದಲ್ಲಿ ಅದು ಒಂದು ದಿನ ಲಟಕ್ಕನೆ ಮುರಿಯುತ್ತದೆ.

ನಮ್ಮ ಲಾರಿಗಳ ಕಥೆಗೆ ಇನ್ನೊಂದು ತಿರುವಿದೆ. ಆ ಕಾಲದಲ್ಲಿ ಹೆಚ್ಚಿನವು ಕಾರ್ಖಾನೆಯಿಂದ ಪೂರ್ತಿ ಲಾರಿಯಾಗಿ ಬರುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ಚಾಸಿಸ್, ಎಂಜಿನ್, ಮುಂದಿನ ಮೂತಿ. ಬಾಗಿಲಿಲ್ಲ, ಚಾವಣಿಯಿಲ್ಲ. ತಲೆಗೆ ಟವೆಲು ಸುತ್ತಿಕೊಂಡ ಡ್ರೈವರುಗಳು ಆ ಬೋಳು ಚಾಸಿಸ್ಸುಗಳನ್ನು ಬಿಸಿಲಲ್ಲಿ ಸಾಲಾಗಿ ಓಡಿಸಿಕೊಂಡು ಹೋಗುವುದನ್ನು ಹೆದ್ದಾರಿಯಲ್ಲಿ ನೋಡದವರಾರು? ಕ್ಯಾಬಿನ್, ಬಾಡಿ ಕಟ್ಟುತ್ತಿದ್ದದ್ದು ಇನ್ನೊಂದೂರಿನ ಬಡಗಿ, ವೆಲ್ಡರ್. ತಲೆದೀಪ, ಬಾಲದೀಪದ ವೈರು ಕಂಪನಿಯದು. ನೆತ್ತಿಯ ದೀಪ, ಒಳದೀಪ, ಫ್ಯಾನು, ಟೇಪ್‌ರೆಕಾರ್ಡರಿನ ವೈರು ಬಾಡಿ ಬಿಲ್ಡರನದು. ಎರಡು ಕೈಯ ಅಡುಗೆ. ಉಪ್ಪು ಹೆಚ್ಚಾದರೆ ಯಾರನ್ನು ಕೇಳುವುದು? ಯಾವಾಗಲೂ ಎರಡನೆಯವನನ್ನೇ ಕೇಳಿದೆವು.

ಹಾಗೆಂದು ಊರಿನವರೇನು ಹರಿಶ್ಚಂದ್ರರಲ್ಲ. ಫ್ಯೂಸ್ ಹೋದರೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು, ಬ್ಯಾಟರಿಯಿಂದ ‘ಡೈರೆಕ್ಟ್’ ಕೊಡುವುದು, ಸಿಕ್ಕ ವೈರಿಗೆ ಹಲ್ಲಿನಿಂದ ಕಚ್ಚಿ ಹಾರ್ನು ಜೋಡಿಸುವುದು ಈ ಅಂಗಳದಲ್ಲೇ ನಡೆದಿದೆ. ಆ ರಾತ್ರಿ ಚಿಕ್ಕಪ್ಪನ ಫ್ಯೂಸ್ ಬಾಕ್ಸಿನಲ್ಲೂ ಒಂದು ಬೆಳ್ಳಿ ಕಾಗದ ಸಿಕ್ಕಿತು. ಯಾರದ್ದೆಂದು ಕೇಳಿದಾಗ ಮೇಸ್ತ್ರಿ ಇದ್ದಕ್ಕಿದ್ದಂತೆ ಹುಡುಗನಿಗೆ ಇನ್ನೊಂದು ಚಹಾ ತರಲು ಹೇಳಿದರು.

■ ಕಂದು ವೈರು ಯಾರ ಕಡೆ?
ವೈರಿನ ಬಣ್ಣಕ್ಕೂ ವ್ಯಾಕರಣವಿದೆ. ಜರ್ಮನ್ ಪದ್ಧತಿಯಲ್ಲಿ ಕಂದು ಎಂದರೆ ಅರ್ಥ್, ಕೆಂಪು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು.
ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಕಪ್ಪು ಅರ್ಥ್. ಹೆಡ್‌ಲೈಟಿಗೆ ನೀಲಿ.
ಒಂದು ಪದ್ಧತಿ ಕಲಿತವನು ಇನ್ನೊಂದರ ಕಂದು ವೈರನ್ನು ಧೈರ್ಯವಾಗಿ ಚಾಸಿಸ್ಸಿಗೆ ಮುಟ್ಟಿಸಿದರೆ ಆಯುಧಪೂಜೆಗೆ ಮೊದಲೇ ದೀಪಾವಳಿ.
ನಮ್ಮಲ್ಲಿ ಎರಡೂ ಮನೆತನದ ಲಾರಿಗಳು ಬೆಳೆದವು. ಟೆಲ್ಕೊ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ ಕೈಜೋಡಿಸಿತು. ಅಶೋಕ್ ಮೋಟರ್ಸ್ 1955ರಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಹೆಸರು ಸೇರಿಸಿಕೊಂಡಿತು.
ರಿಲೇಯ ಮೇಲಿನ 30, 85, 86, 87 ಎಂಬ ಅಂಕಿಗಳು ಜರ್ಮನ್ ಮಾನಕದವು. 30 ಎಂದರೆ ಬ್ಯಾಟರಿ ಪ್ಲಸ್. ಅ ಆ ಇ ಈ ಬಾರದ ಮೇಸ್ತ್ರಿಗೂ ಇದು ಬಾಯಿಪಾಠ.

ದೊಡ್ಡ ಮನೆಗಳ ಗಂಟುಗಳು

ಕಂಪನಿ ವೈರಿಂಗ್ ಕೈಕೊಟ್ಟ ಕಥೆ ನಮ್ಮ ಚಿಕ್ಕಪ್ಪನೊಬ್ಬರದ್ದೇ ಅಲ್ಲ. ಬ್ರಿಟನ್ನಿನ ಲೂಕಾಸ್ ಕಂಪನಿ ಒಂದು ಕಾಲಕ್ಕೆ ಆ ದೇಶದ ಕಾರು ಲಾರಿಗಳಿಗೆಲ್ಲ ದೀಪ, ಡೈನಮೋ ಒದಗಿಸುತ್ತಿತ್ತು. ರಾತ್ರಿ ಹೊತ್ತು ದಾರಿಯಲ್ಲಿ ನಿಂತ ಗಿರಾಕಿಗಳು ಅದರ ಸ್ಥಾಪಕನಿಗೆ ಕೊಟ್ಟ ಬಿರುದು ‘ಕತ್ತಲೆಯ ರಾಜಕುಮಾರ’. 1990ರ ದಶಕದ ಮೊದಲ ಭಾಗದ ಕೆಲವು ಮರ್ಸಿಡಿಸ್ ಕಾರುಗಳಲ್ಲಿ ಎಂಜಿನ್ನಿನ ವೈರುಗಳ ಮೇಲಿನ ಕವಚ ಬಿಸಿಗೆ ಹಪ್ಪಳದಂತೆ ಪುಡಿಪುಡಿಯಾಗಿ ಉದುರತೊಡಗಿತು. ದುಡ್ಡು ಸುರಿದವರಿಗೂ ಬಿಡುಗಡೆಯಿಲ್ಲ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಅಮೆರಿಕದ ಫೋರ್ಡ್ ಪ್ರಕರಣ. ಅಲ್ಲಿನ ಮನೆಮನೆಯ ಎಫ್-150 ಪಿಕಪ್ ಟ್ರಕ್ಕೂ ಸೇರಿ ಹಲವು ಗಾಡಿಗಳಲ್ಲಿ, ಬ್ರೇಕ್ ಒತ್ತಿದಾಗ ಕ್ರೂಸ್ ಕಂಟ್ರೋಲ್ ಕಡಿಯಲು ಒಂದು ಪುಟ್ಟ ಸ್ವಿಚ್ ಇತ್ತು. ಸ್ವಿಚ್ಚಿನ ಒಂದು ಬದಿಗೆ ಬ್ರೇಕ್ ಆಯಿಲ್, ಇನ್ನೊಂದು ಬದಿಗೆ ಕರೆಂಟು, ನಡುವೆ ತೆಳು ಪ್ಲಾಸ್ಟಿಕ್ ಹಾಳೆ. ಕೀಲಿ ತೆಗೆದರೂ ಅದರಲ್ಲಿ ಕರೆಂಟು ಇದ್ದೇ ಇರುತ್ತಿತ್ತು. ವರ್ಷಗಳ ಬಳಕೆಯಲ್ಲಿ ಹಾಳೆ ಬಿರಿದು ಆಯಿಲ್ ಒಳಗೆ ಜಿನುಗಿದರೆ, ಅಂಗಳದಲ್ಲಿ ನಿಲ್ಲಿಸಿ ಮಲಗಿದ ಗಂಟೆಗಳ ನಂತರ ಗಾಡಿ ತಾನಾಗಿ ಹೊತ್ತಿಕೊಳ್ಳುತ್ತಿತ್ತು. 1999ರಿಂದ 2009ರವರೆಗೆ ಕಂತು ಕಂತಾಗಿ ವಾಪಸು ಕರೆದ ಗಾಡಿಗಳು 1.4 ಕೋಟಿಗೂ ಹೆಚ್ಚು. ಕೊನೆಗೆ ಮಾಡಿದ ಪರಿಹಾರ? ನಡುವೆ ಒಂದು ಫ್ಯೂಸ್ ಇರುವ ತುಂಡು ವೈರು.

ನಮ್ಮಲ್ಲಿ ಇಂಥ ದೋಷಕ್ಕೆ ಗಾಡಿ ವಾಪಸು ಕರೆಯಿರಿ ಎಂದು ಸರ್ಕಾರವೇ ಆದೇಶಿಸುವ ಅಧಿಕಾರ ಬಂದದ್ದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ. ನಿಯಮ ಜಾರಿಯಾದದ್ದು 2021ರ ಏಪ್ರಿಲ್‌ನಲ್ಲಿ. ಅದೂ ಏಳು ವರ್ಷದೊಳಗಿನ ಗಾಡಿಗಳಿಗೆ. ಇಪ್ಪತ್ತು ವರ್ಷದ ಲಾರಿಯ ಗಂಟು ಹಿಡಿದುಕೊಂಡು ಹೋಗಲು ನಮ್ಮ ಚಿಕ್ಕಪ್ಪನಿಗೆ ಯಾವ ಬಾಗಿಲೂ ಇಲ್ಲ.

ನನಗನ್ನಿಸುವುದು ಇಷ್ಟು: ಆ ಗಂಟು ಕಟ್ಟಿದವನಿಗಿಂತ ಅದನ್ನು ನೋಡದೆ ಪಾಸು ಮಾಡಿದವನ ತಪ್ಪು ದೊಡ್ಡದು. ವರ್ಷವರ್ಷ ಫಿಟ್‌ನೆಸ್ ಸರ್ಟಿಫಿಕೇಟಿಗೆ (ಎಫ್‌ಸಿ) ಹೋದಾಗ ಲೈಟು ಹತ್ತುತ್ತದೋ ಇಲ್ಲವೋ ನೋಡಿದರು. ಎಷ್ಟು ಹತ್ತುತ್ತದೆ, ಅದರ ಹಿಂದಿನ ವೈರು ಎಷ್ಟು ಸುಡುತ್ತದೆ ಎಂದು ಮುಟ್ಟಿ ನೋಡಿದವರಿಲ್ಲ. ಅರ್ಧ ಬೆಳಕಿನಲ್ಲಿ ಚಿಕ್ಕಪ್ಪ ಬೇಲೆಕೇರಿಯ ಘಟ್ಟವನ್ನು ಅದೆಷ್ಟು ರಾತ್ರಿ ಇಳಿದಿದ್ದಾರೋ.

ರಾತ್ರಿ ಒಂದು ಗಂಟೆ

ಗಂಟನ್ನು ಮೇಸ್ತ್ರಿ ಎರಡೂ ಕಡೆ ಅರ್ಧ ಗೇಣು ಬಿಟ್ಟು ಕತ್ತರಿಸಿದರು. ಒಳ್ಳೆಯ ತಾಮ್ರ ಸಿಗುವವರೆಗೆ ಸುಲಿದರು. ಹೊಸ ವೈರು, ತೋಳು, ಪ್ಲೈಯರಿನಲ್ಲಿ ಎರಡೆರಡು ಸಲ ಅಮುಕು, ಮೇಲೆ ಬಿಸಿ ಮಾಡಿದರೆ ಕುಗ್ಗಿ ಕಚ್ಚಿಕೊಳ್ಳುವ ಸ್ಲೀವು. ಹೆಡ್‌ಲೈಟಿಗೆ ಬೇರೆಯೇ ಒಂದು ರಿಲೇ ಕೂರಿಸಿದರು. ಇನ್ನು ಮೇಲೆ ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಸುತ್ತಿ ಬರಬೇಕಿಲ್ಲ. ತಗಡಿನ ತೂತಿಗೆ ರಬ್ಬರ್ ಬುಷ್ ಸಿಗಲಿಲ್ಲ, ಅಂಗಡಿಗಳು ಮುಚ್ಚಿದ್ದವು. ಹಳೆಯ ಡೀಸೆಲ್ ಪೈಪನ್ನು ಉದ್ದಕ್ಕೆ ಸೀಳಿ ತೂತಿನ ಅಂಚಿಗೆ ಕಚ್ಚಿಸಿದರು. ಬೆಳ್ಳಿ ಕಾಗದದ ಜಾಗಕ್ಕೆ ಕೆಂಪು ಫ್ಯೂಸು ಬಂತು.

■ ಫ್ಯೂಸಿನ ಬಣ್ಣ
ಹಳೆಯ ಪಿಂಗಾಣಿ ಫ್ಯೂಸು: ಬಿಳಿ 8 ಆಂಪಿಯರ್, ಕೆಂಪು 16, ನೀಲಿ 25.
ಈಗಿನ ಚಪ್ಪಟೆ ಫ್ಯೂಸು: ಕೆಂಪು 10, ನೀಲಿ 15, ಹಳದಿ 20, ಹಸಿರು 30.
ಕೆಂಪು ಹೋಯಿತೆಂದು ‘ಕೆಂಪು ಕೊಡಿ’ ಎನ್ನುವ ಮುನ್ನ ಯಾವ ಕಾಲದ ಕೆಂಪು ಎಂದು ನೋಡಿ.

ಸ್ವಿಚ್ ಹಾಕಿದಾಗ ಗೋಡೆಯ ಮೇಲೆ ಬಿದ್ದ ಬೆಳಕು ಹಾಲಿನಷ್ಟು ಬಿಳಿ. ಚಿಕ್ಕಪ್ಪ ಕೆಳಗಿಳಿದು ಗೋಡೆಯ ಹತ್ತಿರ ಹೋಗಿ ನಿಂತರು. ತಮ್ಮ ನೆರಳನ್ನೇ ನೋಡುತ್ತ ನಿಂತಿದ್ದರೋ ಏನೋ, ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಡೈನಮೋ ಸುಮ್ಮನ ಬದಲಿಸಿದ್ನಲ್ಲೋ” ಎಂದರು.

ಬೆಳಿಗ್ಗೆ ಪೂಜೆಯಾಯಿತು. ಬಾನೆಟ್ಟಿಗೆ ವಿಭೂತಿ, ಗಾಲಿಯಡಿ ನಿಂಬೆಹಣ್ಣು, ಬೂದುಗುಂಬಳ ಒಡೆದು ಕುಂಕುಮ ಚೆಲ್ಲಿದರು. ಪಾನಾ, ಕಾನಸು, ಟೆಸ್ಟ್ ಲ್ಯಾಂಪ್ ಎಲ್ಲಕ್ಕೂ ಮೇಸ್ತ್ರಿ ಹೂ ಏರಿಸಿದರು, ನನ್ನ ಮಲ್ಟಿಮೀಟರಿಗೂ ಒಂದೆಸಳು ಸಿಕ್ಕಿತು. ಸೀರಿಯಲ್ ಸೆಟ್ ಮರೆತೇ ಹೋಗಿತ್ತು.

ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದ್ದರೆ, ಲಾರಿಯೇ ಆಗಬೇಕಿಲ್ಲ, ಪೂಜೆಗೆ ಮುನ್ನ ಹತ್ತು ನಿಮಿಷ ಕೊಡಿ. ರಾತ್ರಿ ಹೆಡ್‌ಲೈಟ್ ಸ್ವಲ್ಪ ಹೊತ್ತು ಉರಿಸಿ, ಆರಿಸಿ, ಪ್ಲಗ್ಗುಗಳನ್ನೂ ಕೈಗೆಟುಕುವ ವೈರುಗಳನ್ನೂ ಮುಟ್ಟಿ ನೋಡಿ. ಎಂಜಿನ್ನಿನ ಶಾಖ ತಾಗದ ಜಾಗದಲ್ಲಿ ವೈರು ಬಿಸಿಯಿದ್ದರೆ ಎಲೆಕ್ಟ್ರಿಷಿಯನ್ನನಿಗೆ ಹೇಳಿ ಟೇಪು ಬಿಚ್ಚಿಸಿ, ಕಂಪನಿಯದ್ದಾದರೂ ಸರಿ. ಬ್ಯಾಟರಿಯ ಮೈನಸ್ ಕೇಬಲ್ಲು ಚಾಸಿಸ್ಸಿಗೆ ಸೇರುವ ಬೋಲ್ಟು ತೆಗೆದಾಗ ಅಡಿಯಲ್ಲಿ ಬಣ್ಣ ಕಂಡರೆ ಕೆರೆದು ಮತ್ತೆ ಬಿಗಿಯಿರಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ.